ಹಲಸಿನ ಮೇಣದ ಗಡ್ಡ

ಸುಬ್ಬಕೃಷ್ಣ ಮೇಷ್ಟ್ರ ಕಾದಂಬರಿಯೊಳಗೆ ಯಾರಾದರೂ ಹೊಸಬ ಕಾಲಿಟ್ಟರೆ ಅವನು ಒಳ್ಳೆಯವನೋ ಕೆಟ್ಟವನೋ ಎಂದು ತಿಳಿಯಲು ಓದುಗರು ಎರಡನೇ ಸಾಲಿನವರೆಗೆ ಕಾಯಬೇಕಾಗಿರಲಿಲ್ಲ. ಮೊದಲ ಸಾಲಿನಲ್ಲೇ ಕಣ್ಣು ಬಂದುಬಿಡುತ್ತಿತ್ತು, ಗಂಡಸಾದರೆ ಅದರ ಬೆನ್ನಿಗೇ ಗಡ್ಡ. ಅಲ್ಲಿಗೆ ಅವನ ಜಾತಕ ಬರೆದು ಮುಗಿದಂತೆಯೇ.

ಅದಕ್ಕೆಂದೇ ಅವರು ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡಿದ್ದರು. ಎಡಗಡೆಯ ಪುಟಗಳಲ್ಲಿ ಕಣ್ಣು, ಬಲಗಡೆಯ ಪುಟಗಳಲ್ಲಿ ಗಡ್ಡ. ತಾವರೆ ಕಣ್ಣು ನಾಯಕಿಗೆ, ಹದ್ದಿನ ಕಣ್ಣು ಪತ್ತೇದಾರನಿಗೆ, ಗುಳಿಬಿದ್ದ ಕಣ್ಣು ಕೆಮ್ಮುತ್ತಾ ಕವಿತೆ ಬರೆಯುವವನಿಗೆ. ಎದೆಗಿಳಿದ ಬಿಳಿ ಗಡ್ಡ ಸನ್ಯಾಸಿಗೆ, ಹೋತದ ಗಡ್ಡ ವಕೀಲನಿಗೆ, ವಾರದ ಕುರುಚಲು ಗಡ್ಡ ಪ್ರೇಮದಲ್ಲಿ ಸೋತವನಿಗೆ. ದಟ್ಟ ಕರಿ ಗಡ್ಡವೂ ಬೆಕ್ಕಿನ ಕಣ್ಣೂ ಒಬ್ಬನಲ್ಲೇ ಕೂಡಿದವೋ, ಅವನು ಖಳನೇ ಸೈ, ಅಪೀಲಿಲ್ಲ. ನಾಯಕನಿಗೆ ಮಾತ್ರ ಗಡ್ಡವೆಂಬುದೇ ಇಲ್ಲ. ಅವನು ಕಾಡಿನಲ್ಲಿ ದಾರಿ ತಪ್ಪಿ ಹದಿನೈದು ದಿನ ಅಲೆದರೂ ನುಣ್ಣನೆಯ ಗಲ್ಲದಲ್ಲೇ ಹೊರಗೆ ಬರುತ್ತಿದ್ದ. ಕಾಡಿನಲ್ಲಿ ಅವನಿಗೆ ಕ್ಷೌರದ ಕತ್ತಿ ಎಲ್ಲಿ ಸಿಕ್ಕಿತು ಎಂದು ಕೇಳಿದ ಓದುಗ ಒಬ್ಬನೂ ಇಲ್ಲ.

ಕೇಳಿದವರು ಮೇಷ್ಟ್ರ ಹೆಂಡತಿ ಸೀತಮ್ಮ ಒಬ್ಬರೇ. ಮೇಷ್ಟ್ರ ಅಕ್ಷರ ಮೇಷ್ಟ್ರಿಗೇ ತಿಳಿಯುತ್ತಿರಲಿಲ್ಲವಾದ್ದರಿಂದ ಪ್ರತಿ ವಾರದ ಕಂತನ್ನೂ ದುಂಡಗೆ ತಿದ್ದಿ ಬರೆದು ಅಂಚೆಗೆ ಹಾಕುವುದು ಅವರ ಕೆಲಸ. "ನಿಮ್ಮ ನೋಟ್‌ಬುಕ್ಕಿನಲ್ಲಿ ನಾನು ಯಾವ ಪುಟದಲ್ಲಿದೀನಿ?" ಎಂದು ಒಮ್ಮೆ ಕೇಳಿದ್ದರು. ಮೇಷ್ಟ್ರು ಇಪ್ಪತ್ತು ವರ್ಷ ಸಂಸಾರ ಮಾಡಿದ ಮುಖವನ್ನು ಒಂದು ಗಳಿಗೆ ನೋಡಿ, ಪುಟ ಸಿಗದೆ, ಸ್ಕೂಲಿಗೆ ಹೊತ್ತಾಯಿತೆಂದು ಎದ್ದು ಹೋಗಿದ್ದರು. ಅವತ್ತು ಭಾನುವಾರವಾಗಿತ್ತು.

ಸಾವಿರದ ಒಂಬೈನೂರ ಅರವತ್ತಾರರ ಆ ದಿನಗಳಲ್ಲಿ ಶಿವಮೊಗ್ಗದ ಒಂದು ವಾರಪತ್ರಿಕೆಯಲ್ಲಿ ಮೇಷ್ಟ್ರ 'ಏಳು ಕೀಲಿಯ ಪೆಟ್ಟಿಗೆ' ಧಾರಾವಾಹಿಯಾಗಿ ಬರುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿ ಎರಡು ವರ್ಷವಾಗಿ, ಸಾಗರದಿಂದ ತೀರ್ಥಹಳ್ಳಿಯವರೆಗೆ ಎಲ್ಲರ ಬಾಯಲ್ಲೂ ಹಿನ್ನೀರಿನದೇ ಮಾತು. ಮೇಷ್ಟ್ರು ಹಿನ್ನೀರನ್ನು ಕಣ್ಣಾರೆ ಕಂಡವರಲ್ಲ. ಆದರೂ ಖಳನೊಬ್ಬನಿಗೆ ಬೇಕಾದ ಅನುಕೂಲವೆಲ್ಲ ಅಲ್ಲಿದೆ ಎಂದು ಅವರಿಗೆ ತೋರಿತು. ತಮ್ಮ ಮಾರ್ತಾಂಡನನ್ನು ದೋಣಿಯವನ ವೇಷದಲ್ಲಿ ಅಲ್ಲಿಗೆ ಕಳಿಸಿ, ಬೆಕ್ಕಿನ ಕಣ್ಣು ಕೊಟ್ಟು, ಕರಿ ಗಡ್ಡ ಬಿಡಿಸಿ, ಮೂರು ಊರಲ್ಲಿ ಮೂರು ಮದುವೆ ಮಾಡಿಸಿ, ಮೂವರನ್ನೂ ನಡುನೀರಿನಲ್ಲಿ ಕೈಬಿಡಿಸಿದರು. ಹದಿನಾಲ್ಕನೇ ಕಂತಿನ ಹೊತ್ತಿಗೆ ಅವನು ನಾಲ್ಕನೆಯ ಹೆಣ್ಣು ನೋಡುತ್ತಿದ್ದ.

ಶಿವರಾತ್ರಿ ಕಳೆದ ವಾರ, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂತು ಮೇಷ್ಟ್ರು ಹದಿನೈದನೇ ಕಂತಿಗೆ ತಲೆ ಕೆರೆದುಕೊಳ್ಳುತ್ತಿದ್ದಾಗ ಅಂಗಳದಲ್ಲಿ ಒಬ್ಬ ಬಂದು ನಿಂತ. ಮೇಷ್ಟ್ರು ತಲೆಯೆತ್ತಿದವರು ಹಾಗೇ ಉಳಿದರು. ದಟ್ಟ ಕರಿ ಗಡ್ಡ. ಬೆಕ್ಕಿನ ಕಣ್ಣು. ಅಂಗೈ ತುಂಬ ಹುಟ್ಟು ಹಾಕಿ ಹಾಕಿ ಎದ್ದ ಗುಳ್ಳೆ. ಕಂಕುಳಲ್ಲಿ ಅದೇ ವಾರಪತ್ರಿಕೆ.

"ಏಳು ಕೀಲಿ ಬರಿಯೋ ಮೇಷ್ಟ್ರು ನೀವೇನಾ?"

"ಹೌದು," ಎಂದರು ಮೇಷ್ಟ್ರು. ದನಿ ಸ್ವಲ್ಪ ಕೀರಲಾಯಿತು. "ನೀನು ಯಾರು ಮಾರಾಯ?"

"ನಾನು ಬೆಳ್ಳಪ್ಪ. ಹೊಳೆಬಾಗಿಲಲ್ಲಿ ದೋಣಿ ಹಾಕ್ತೀನಿ. ನಿಮ್ಮ ಮಾರ್ತಾಂಡ ನಾನೇ ಅಂತೆ. ಊರೆಲ್ಲ ಹೇಳ್ತಾರೆ."

ಮೇಷ್ಟ್ರು ಬರೆಯಲು ಶುರು ಮಾಡಿ ಹನ್ನೊಂದು ವರ್ಷವಾಗಿತ್ತು. ತಮ್ಮ ಪಾತ್ರ ಬಸ್ಸು ಹತ್ತಿ ಮನೆ ಹುಡುಕಿಕೊಂಡು ಬಂದಿದ್ದು ಇದೇ ಮೊದಲು. ಅವರು ಅವನನ್ನು ಜಗಲಿಗೆ ಕರೆದು ಕೂರಿಸಿದರು. ಅವನು ಕೂತ, ನೀರು ಕುಡಿದ, ಆಮೇಲೆ ಒಂದೇ ಉಸಿರಿಗೆ ಎಲ್ಲ ಹೇಳಿದ.

ಹೊಸನಗರದ ಹತ್ತಿರ ಹಲಸಿನಕೊಪ್ಪ ಎಂದೊಂದು ಊರು. ಅಲ್ಲಿನ ಗುತ್ಯಪ್ಪನ ಮಗಳು ದುಗ್ಗಮ್ಮನನ್ನು ಬೆಳ್ಳಪ್ಪನಿಗೆ ಕೊಡುವುದೆಂದು ಮಾತಾಗಿತ್ತು. ವೀಳ್ಯ ಬದಲಾಯಿಸುವುದೊಂದು ಬಾಕಿ. ಅಷ್ಟರಲ್ಲಿ ಆ ಊರಿನ ಜಟ್ಟಿಂಗಪ್ಪನ ಹೋಟೆಲಿನಲ್ಲಿ ಕೆಲಸ ಕೆಟ್ಟಿತು. ಪ್ರತಿ ಗುರುವಾರ ಪತ್ರಿಕೆ ಬಂದ ಕೂಡಲೇ ಜಟ್ಟಿಂಗಪ್ಪ ಕಾಫಿ ಸೋಸುವುದನ್ನು ನಿಲ್ಲಿಸಿ ಧಾರಾವಾಹಿಯನ್ನು ಗಟ್ಟಿಯಾಗಿ ಓದುವುದು, ಊರು ಕೂತು ಕೇಳುವುದು ಪದ್ಧತಿ. ಹಿನ್ನೀರು, ದೋಣಿ, ಕರಿ ಗಡ್ಡ, ಬೆಕ್ಕಿನ ಕಣ್ಣು, ಹೆಣ್ಣು ನೋಡುವ ಸಂಭ್ರಮ. ಕೇಳುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ತಿಂಗಳು ಗುತ್ಯಪ್ಪನ ಮನೆಗೆ ಬಂದು ಅವಲಕ್ಕಿ ತಿಂದು ಹೋದವನು ಇವನೇ ಅಲ್ಲವೇ?

"ಅದು ಕಥೆ ಮಾರಾಯ, ಬರೀ ಕಥೆ!" ಎಂದರು ಮೇಷ್ಟ್ರು.

"ನಾನೂ ಅದೇ ಹೇಳ್ದೆ. ಮೇಷ್ಟ್ರು ಅಂದ್ರೆ ಮಕ್ಕಳಿಗೆ ಸುಳ್ಳು ಹೇಳಬ್ಯಾಡ ಅಂತ ಹೊಡಿಯೋರು, ಅವರೇ ಸುಳ್ಳು ಬರೀತಾರಾ, ಅದೂ ಅಚ್ಚಾಗಿ ಬಂದದೆ, ಅಂತಾರೆ ಆ ಊರೋರು. ಮೂರು ಹೆಂಡ್ರನ್ನ ಬಿಟ್ಟೋನಿಗೆ ಹುಡುಗಿ ಕೊಡಲ್ಲ ಅಂತ ಗುತ್ಯಪ್ಪಣ್ಣ ಹೇಳಿ ಕಳ್ಸಿದಾನೆ." ಬೆಳ್ಳಪ್ಪ ಪತ್ರಿಕೆಯನ್ನು ಮಡಚಿದ, ಬಿಚ್ಚಿದ. "ನಂಗೊಂದೂ ಮದುವೆ ಆಗಿಲ್ಲ ಮೇಷ್ಟ್ರೇ. ನಂಗೆ ಅವಳೇ ಬೇಕು. ಹೆಣ್ಣು ನೋಡೋಕೆ ಹೋದ ದಿನ ದಾರೀಲಿ ಗದ್ದೆ ಅಂಚಲ್ಲಿ ಕಂಡಿದ್ದೆ. ಕರು ಹಿಡಿಯೋಕೆ ಹೋಗಿ ಕೆಸರಿಗೆ ಬಿದ್ದು, ತಾನೇ ನಗ್ತಾ ಕೂತಿದ್ಲು."

ಪರಿಹಾರ ಹೇಳುವುದು ಮೇಷ್ಟ್ರುಗಳಿಗೆ ಅಂಟಿದ ಅಭ್ಯಾಸ. "ಅದಕ್ಕೇನು, ಗಡ್ಡ ತೆಗೆಸಿಬಿಡು. ಇಲ್ಲೇ ಪೇಟೆಯಲ್ಲಿ ಅಂಗಡಿ ಇದೆ, ಅರ್ಧ ಗಂಟೆ ಸಾಕು."

"ಆಗಲ್ಲ," ಎಂದ ಬೆಳ್ಳಪ್ಪ. "ನಮ್ಮನೆ ನೀರಲ್ಲಿ ಹೋಯ್ತು. ಹೋಗೋವಾಗ ಒಲೆ ಕಲ್ಲು ಮೂರು ಕಿತ್ತು ತಂದೆ, ಅಷ್ಟೇ ಆಗಿದ್ದು. ಈಗ ಮ್ಯಾಲಿನ ದಿಬ್ಬದಲ್ಲಿ ಮನೆ ಕಟ್ತಿದೀನಿ. ಅದ್ರಲ್ಲಿ ಒಲೆ ಹೊತ್ತೋವರೆಗೂ ಗಡ್ಡಕ್ಕೆ ಕತ್ತಿ ಮುಟ್ಟಿಸಲ್ಲ ಅಂತ ಚೌಡಮ್ಮನ ಮುಂದೆ ಹೇಳಿ ಆಗದೆ. ಮಾಡು ಹೊದಿಸೋದು ಬಾಕಿ."

ನೋಟ್‌ಬುಕ್ಕಿನ ಬಲಗಡೆಯ ಪುಟಗಳಲ್ಲಿ ಮೂವತ್ತೆರಡು ಗಡ್ಡಗಳಿದ್ದವು. ಮುಳುಗಿದ ಮನೆಗಾಗಿ ಬಿಟ್ಟ ಗಡ್ಡ ಒಂದೂ ಇರಲಿಲ್ಲ. ಮೇಷ್ಟ್ರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆ ನೋಟ್‌ಬುಕ್ಕನ್ನು ಮೆಲ್ಲಗೆ ಜಮಖಾನದ ಕೆಳಗೆ ತಳ್ಳಿದರು.

"ನಾನು ಒಂದು ಕಾಗದ ಬರೆದು ಕೊಡ್ತೀನಿ," ಎಂದರು. "ಇದು ಕಲ್ಪನೆ ಅಂತ, ಸಹಿ ಹಾಕಿ."

"ಕಾಗದ ಯಾರು ಬೇಕಾದ್ರೂ ಬರೀತಾರೆ. ಪತ್ರಿಕೇಲೇ ಬರಬೇಕು, ಜಟ್ಟಿಂಗಪ್ಪನೇ ಓದಬೇಕು."

"ಹಾಗಾದರೆ ಬರುವ ವಾರ ಮಾರ್ತಾಂಡನನ್ನು ನೀರಲ್ಲಿ ಮುಳುಗಿಸಿಬಿಡ್ತೀನಿ. ಪೀಡೆ ಕಳೀತು."

ಬೆಳ್ಳಪ್ಪ ಕೂತಲ್ಲಿಂದ ಎದ್ದೇಬಿಟ್ಟ. "ಬ್ಯಾಡ ಬ್ಯಾಡ, ಕೊಲ್ಲಬ್ಯಾಡಿ! ಏಳನೇ ಕೀಲಿ ಅವನ ಸೊಂಟದಲ್ಲಿ ಅದೆ. ಅವನು ಮುಳುಗಿದ್ರೆ ಪೆಟ್ಟಿಗೆ ತೆಗಿಯೋರು ಯಾರು?" ಎಂದವನು, ತನ್ನ ಬಾಯಿಂದ ಏನು ಬಂತೆಂದು ಹೊಳೆದು ಗಡ್ಡದೊಳಗೇ ನಕ್ಕ. ಅವನ ದೋಣಿ ದಾಟುವವರಲ್ಲಿ ಯಾರಿಗಾದರೂ ಓದು ಬಂದರೆ ಅವರು ದಡದಿಂದ ದಡಕ್ಕೆ ಅವನಿಗೆ ಕಂತು ಓದಿ ಹೇಳಬೇಕಂತೆ. ತನ್ನ ಮದುವೆ ಮುರಿಯುತ್ತಿರುವ ಕಥೆಯನ್ನು ಅವನು ಒಂದು ವಾರವೂ ತಪ್ಪಿಸಿರಲಿಲ್ಲ. ಮೇಷ್ಟ್ರಿಗೆ ಇಂಥ ಓದುಗ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಗುವುದೂ ಸಂಶಯ.

ಒಳಗಿನಿಂದ ಸೀತಮ್ಮ ಎರಡು ಲೋಟ ಕಾಫಿ ತಂದಿಟ್ಟರು. "ಎಂತಕ್ಕೆ ಇಷ್ಟು ಒದ್ದಾಡ್ತೀರಿ? ಮಾರ್ತಾಂಡನ ಗಡ್ಡ ಕಟ್ಟಿಕೊಂಡ ಗಡ್ಡ ಅನ್ನಿ. ನಾಟಕದೋರು ಕಟ್ಟಿಕೊಳ್ಳಲ್ವಾ? ಅವನದ್ದು ಸುಳ್ಳು ಗಡ್ಡ ಅಂತಾದ್ರೆ, ಸತ್ಯದ ಗಡ್ಡ ಇರೋ ಈ ಹುಡುಗ ಅವನಲ್ಲ ಅಂತಾಯ್ತಲ್ಲ."

ಮೇಷ್ಟ್ರು ತೊಡೆ ತಟ್ಟಿದರು. ಆ ಸಂತೋಷ ಒಂದು ಗುಟುಕು ಕಾಫಿಯಷ್ಟು ಹೊತ್ತು ಇತ್ತು.

"ಒಂಬತ್ತನೇ ಕಂತಲ್ಲಿ ನಾಯಕ ಅದನ್ನ ಹಿಡಿದು ಎಳೆದಿದ್ನಲ್ಲ?" ಎಂದ ಬೆಳ್ಳಪ್ಪ. "ಗಡ್ಡ ಹಿಡಿದು ಅಂಗಳ ಪೂರ್ತಿ ಸುತ್ತಿಸಿದ. ಬಿಚ್ಚಿ ಬರಲಿಲ್ಲ."

"ಬೇರುಸಹಿತ ಅಲುಗಾಡಿತು ಅಂತ ಬರೆದಿದ್ರಿ," ಎಂದು ಸೀತಮ್ಮ ನೆನಪಿಸಿದರು. "ನಾನೇ ಪ್ರತಿ ಮಾಡಿದ್ದು."

ಸೀತಮ್ಮ ಅಡಿಗೆಮನೆಗೆ ಹೋಗಿ ಅರ್ಧ ಹೆಚ್ಚಿಟ್ಟಿದ್ದ ಎಳೆ ಹಲಸಿನಕಾಯಿಯ ಮುಂದೆ ಕೂತವರು ಮತ್ತೆ ಹಾಗೇ ಎದ್ದು ಬಂದರು. ಬೆರಳೆಲ್ಲ ಬಿಳಿ ಮೇಣ ಮೆತ್ತಿಕೊಂಡು ಒಂದಕ್ಕೊಂದು ಅಂಟಿತ್ತು. ಕೈಯನ್ನು ಗಂಡನ ಮೂಗಿನ ಮುಂದೆ ಹಿಡಿದರು. "ಇದು ಎಳೆದರೆ ಬರ್ತದಾ?"

"ಇಲ್ಲ," ಎಂದರು ಮೇಷ್ಟ್ರು.

"ಕೊಬ್ಬರಿ ಎಣ್ಣೆ ಹಚ್ಚಿದರೆ?"

ಮೇಷ್ಟ್ರು ಪೆನ್ನು ಹುಡುಕತೊಡಗಿದರು.

ಹದಿನೈದನೇ ಕಂತು ಅವರ ಹನ್ನೊಂದು ವರ್ಷಗಳ ಬರವಣಿಗೆಯಲ್ಲೇ ಸೊಗಸಾದದ್ದು ಎಂದು ಶಿವಮೊಗ್ಗದ ಸಂಪಾದಕರು ಬರೆದು ತಿಳಿಸಿದರು. ಮದುವೆಯ ಮುನ್ನಾದಿನ ಮಾರ್ತಾಂಡ ಎಣ್ಣೆಸ್ನಾನ ಬೇಡವೆಂದು ಹಟ ಹಿಡಿಯುತ್ತಾನೆ. ತಾವರೆ ಕಣ್ಣಿನ ನಾಯಕಿಗೆ ಅನುಮಾನ ಹುಟ್ಟುತ್ತದೆ. ಅವಳು ಹಿಂದಿನಿಂದ ಬಂದು ಒಂದು ಸೌಟು ಕೊಬ್ಬರಿ ಎಣ್ಣೆಯನ್ನು ಅವನ ಗಲ್ಲಕ್ಕೆ ಸುರಿಯುತ್ತಾಳೆ. ಹಲಸಿನ ಮೇಣ ಸಡಿಲಿ ಇಡೀ ಗಡ್ಡ ಜಾರಿ ಅವಳ ಅಂಗೈಗೆ ಬೀಳುತ್ತದೆ. ಗುರುವಾರ ಜಟ್ಟಿಂಗಪ್ಪ ಅದನ್ನು ಎರಡು ಸಲ ಓದಿದನಂತೆ. ಎರಡನೇ ಸಲಕ್ಕೆ ಹೋಟೆಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲವಂತೆ.

ಎಲ್ಲ ಸರಿಹೋಯಿತೆಂದು ಮೇಷ್ಟ್ರು ಮೀಸೆ ಇಲ್ಲದ ಜಾಗವನ್ನು ನೇವರಿಸಿಕೊಳ್ಳುತ್ತಿದ್ದಾಗ ಶನಿವಾರ ಬೆಳ್ಳಪ್ಪ ಮತ್ತೆ ಬಂದ. ಈ ಸಲ ಅವನಿಗೆ ನೀರು ಕುಡಿಯಲೂ ತಾಳ್ಮೆಯಿಲ್ಲ.

"ನಾಳೆ ಎಣ್ಣೆ ಹಚ್ಚಿ ನೋಡ್ತಾರಂತೆ ಮೇಷ್ಟ್ರೇ."

"ಯಾರಿಗೆ?"

"ನಂಗೆ! ಮಾರ್ತಾಂಡನ ಗಡ್ಡ ಮೇಣದ್ದು ಅಂತ ಗೊತ್ತಾಯ್ತಲ್ಲ. ಇವನದ್ದೂ ಮೇಣದ್ದೇ ಇರಬೇಕು, ಕರ್ಸಿ ನೋಡಾನ ಅಂತ ಊರಲ್ಲಿ ತೀರ್ಮಾನ ಆಗದೆ. ನೀವೂ ಬರ್ಬೇಕು."

ಮೇಷ್ಟ್ರು ಹೊರಟರು. ಹಲಸಿನ ಮೇಣ ತನ್ನದು, ತಾನೂ ಬರುವವಳೇ ಎಂದು ಸೀತಮ್ಮನೂ ಹೊರಟರು. ಭಾನುವಾರ ಮುಂಜಾನೆಯ ಬಸ್ಸಿನಲ್ಲಿ ಹೊಸನಗರದವರೆಗೆ ಮೇಷ್ಟ್ರು ಅದೇ ಲೆಕ್ಕ ಹಾಕುತ್ತಿದ್ದರು. ಗಡ್ಡ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಜನ ಇನ್ನೇನು ಕೇಳುತ್ತಾರೋ ಯಾರಿಗೆ ಗೊತ್ತು? ತಾನು ಸುಮ್ಮನೆ ಗೀಚಿದ ಎರಡು ಸಾಲಿನಿಂದ ಒಬ್ಬನ ಸಂಸಾರ ಶುರುವಾಗುವ ಮೊದಲೇ ಮುಗಿದುಹೋದರೆ, ಮತ್ತೆ ಪೆನ್ನು ಹಿಡಿಯುವುದಿಲ್ಲ ಎಂದುಕೊಂಡರು. ಪಕ್ಕದಲ್ಲಿ ಬೆಳ್ಳಪ್ಪ ಕಿಟಕಿಗೆ ಮುಖ ಕೊಟ್ಟು ಕೂತಿದ್ದ.

ಗುತ್ಯಪ್ಪನ ಅಂಗಳದಲ್ಲಿ ಊರೇ ನೆರೆದಿತ್ತು. ಜಟ್ಟಿಂಗಪ್ಪ ಹಳೆಯ ಕಂತುಗಳ ಕಟ್ಟು ಹಿಡಿದು ವಕೀಲನ ಗತ್ತಿನಲ್ಲಿ ನಿಂತಿದ್ದ. ಅವನಿಗೆ ಗಡ್ಡವಿರಲಿಲ್ಲ ಎಂಬುದನ್ನು ಮೇಷ್ಟ್ರು ಗಮನಿಸಿದರು. ನಡುವೆ ಒಂದು ಮಣೆ. ಮಣೆಯ ಪಕ್ಕದಲ್ಲಿ ಗುತ್ಯಪ್ಪನ ತಾಯಿ ಕೆರಿಯಮ್ಮ, ಹಲ್ಲಿಲ್ಲದ ಬಾಯಿ, ಮಡಿಲಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಗುತ್ಯಪ್ಪ ದಪ್ಪ ಮೈಯ ಮೆದು ಮನುಷ್ಯ. ಮೇಷ್ಟ್ರಿಗೆ ಕೈಮುಗಿದು, ಬೆಳ್ಳಪ್ಪನಿಗೆ ಮುಖ ತಿರುಗಿಸಿ, ಮಣೆ ತೋರಿಸಿದ.

ಬೆಳ್ಳಪ್ಪ ಕೂತ. ಮೊದಲು ಎಳೆಯುವ ಸರದಿ ಗುತ್ಯಪ್ಪನದು. ಅವನು ಎರಡು ಬೆರಳಲ್ಲಿ ತುದಿ ಹಿಡಿದು, ಎಲ್ಲಿ ನೋಯುತ್ತದೋ ಎಂಬಂತೆ ಅಲ್ಲಾಡಿಸಿ ಬಿಟ್ಟ.

"ಹಂಗಲ್ಲ," ಎಂದ ಜಟ್ಟಿಂಗಪ್ಪ. "ಎಳೆದರೆ ಬರಲ್ಲ ಅಂತ ಒಂಬತ್ತನೇ ಕಂತಲ್ಲೇ ಅದೆ. ಎಣ್ಣೆ ಹಾಕ್ಬೇಕು."

ಕೆರಿಯಮ್ಮ ಬಟ್ಟಲಿನಲ್ಲಿ ಕೈ ಅದ್ದಿ ಗಡ್ಡಕ್ಕೆ ಹಚ್ಚತೊಡಗಿದಳು. ಕಿವಿಯ ಪಕ್ಕ, ಗಲ್ಲದ ಅಡಿ, ಕುತ್ತಿಗೆಯ ಬುಡ, ಒಂದೆಡೆಯೂ ಬಿಡದೆ ತಿಕ್ಕಿದಳು. ಎಣ್ಣೆ ಎದೆಗಿಳಿಯಿತು. ಬೆಳ್ಳಪ್ಪ ಕಣ್ಣು ಮುಚ್ಚಿ ತಾಳಿಕೊಂಡ. ಬಾಗಿಲ ಬಳಿ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, ಯಾರೆಂದು ಕೊನೆಯವರೆಗೂ ಗೊತ್ತಾಗಲಿಲ್ಲ, ಮಣೆಯ ಮೇಲೆ ಕೂತ ಗಂಡಿಗೆ ಎಣ್ಣೆ ಹಚ್ಚುವುದನ್ನು ಕಂಡು ಅಭ್ಯಾಸಬಲದಿಂದ ಸೋಬಾನೆ ಎತ್ತಿಬಿಟ್ಟಳು. ಒಬ್ಬಳು ಎತ್ತಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಎರಡನೇ ಸಾಲಿಗೆ ಹತ್ತು ದನಿ ಕೂಡಿತು. ಗುತ್ಯಪ್ಪ ಕೈ ಬೀಸಿ ನಿಲ್ಲಿಸಲು ನೋಡಿದ. ಸೀತಮ್ಮನೂ ಹೋಗಿ ಆ ಗುಂಪಿನಲ್ಲಿ ನಿಂತು ದನಿಗೂಡಿಸುತ್ತಿದ್ದರು. ಹಾಡು ಮುಗಿಯುವವರೆಗೂ ಅದನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ.

ಆಮೇಲೆ ಕೆರಿಯಮ್ಮ ಎರಡೂ ಕೈಯಿಂದ ಗಡ್ಡ ಹಿಡಿದು, ಕಾಲು ಊರಿ, ಹಿಂದಕ್ಕೆ ಜಗ್ಗಿದಳು. ಬೆಳ್ಳಪ್ಪ "ಅಯ್ಯಯ್ಯೋ ಅಜ್ಜೀ!" ಎಂದು ಕೂಗಿದ. ಗಡ್ಡ ಬರಲಿಲ್ಲ, ಅಜ್ಜಿಯ ಕೈಯೇ ಜಾರಿ ಅವಳು ಹಿಂದಿದ್ದವರ ಮೇಲೆ ಬಿದ್ದಳು. ಎತ್ತಿ ಕೂರಿಸಿದ ಮೇಲೆ ಅಂಗೈ ಬಿಚ್ಚಿ ನೋಡಿ, ಎಲ್ಲರಿಗೂ ತೋರಿಸಿದಳು. ಎರಡೇ ಎರಡು ಕೂದಲು, ಬುಡದಲ್ಲಿ ಬಿಳಿ ಬೇರು.

"ಅಸಲಿ!" ಎಂದಳು. "ಎಣ್ಣೆ ಹಚ್ಚಿ ಆಯ್ತು, ಹಾಡೂ ಆಯ್ತು. ಇನ್ನು ಈ ಹುಡುಗನ್ನ ವಾಪಸ್ಸು ಕಳ್ಸಿದ್ರೆ ನಮ್ಮನೇಗೆ ಒಳ್ಳೇದಾಗಲ್ಲ ನೋಡು ಗುತ್ಯಾ."

ಅಂಗಳವೆಲ್ಲ ಹೋ ಎಂದಿತು. ಗುತ್ಯಪ್ಪನ ಮುಖ ಅರಳಿತು, ಮತ್ತೆ ಮುದುಡಿತು. ಅವನದು ಮಗಳನ್ನು ಕೊಡುವವನ ಸಂಕಟ, ಅದು ಅಷ್ಟು ಸಲೀಸಾಗಿ ಹೋಗುವುದಿಲ್ಲ.

"ಗಡ್ಡ ಸರಿ ಅವ್ವಾ. ಆದ್ರೆ ಬೆಕ್ಕಿನ ಕಣ್ಣು ಅಂತಾನೂ ಬರೆದಿದಾರೆ. ಕಣ್ಣು ಅಂಟಿಸೋಕೆ ಆಗಲ್ಲ, ಎಣ್ಣೆ ಹಾಕಿ ನೋಡೋಕೂ ಆಗಲ್ಲ." ಅವನು ಮೇಷ್ಟ್ರ ಕಡೆ ತಿರುಗಿದ. "ಮೇಷ್ಟ್ರೇ, ನೀವೇ ಹೇಳಿ. ಬೆಕ್ಕಿನ ಕಣ್ಣಿನೋರು ಮೋಸಗಾರರು ಅಂತ ಯಾರನ್ನ ನೋಡಿ ಬರೆದ್ರಿ?"

ಇಡೀ ಊರು ಮೇಷ್ಟ್ರನ್ನು ನೋಡಿತು. ಅವರು ಎದ್ದು ನಿಂತರು. ಪಾಠ ಹೇಳುವ ದನಿ ಬರಲಿಲ್ಲ.

"ಯಾರನ್ನೂ ನೋಡಿಲ್ಲ," ಎಂದರು. "ನಾನು ಹಿನ್ನೀರು ನೋಡಿದವನಲ್ಲ, ದೋಣಿಯವರನ್ನು ನೋಡಿದವನಲ್ಲ. ಬೆಕ್ಕನ್ನು ನೋಡಿದ್ದೇನೆ, ಅದೂ ಅಡಿಗೆಮನೆಯಿಂದ ಓಡಿಸುವಾಗ. ಕಣ್ಣು ನೋಡಿ ಮನುಷ್ಯನನ್ನು ಹೇಳುವುದು ನನಗೆ ಬರುವುದಿಲ್ಲ ಗುತ್ಯಪ್ಪ. ಬರುತ್ತದೆ ಅಂತ ಹನ್ನೊಂದು ವರ್ಷ ನಟಿಸಿದೆ. ಈ ಹುಡುಗನಿಗೆ ತೊಂದರೆ ಆಗಿದ್ದು ನನ್ನಿಂದ."

ಹೇಳಿ ಕೂತಾಗ ಅವರ ಹಣೆ ಬೆವೆತಿತ್ತು. ಆದರೆ ಎದೆ ಹಗುರವಾಗಿತ್ತು. ಸೀತಮ್ಮ ದೂರದಿಂದಲೇ ಅವರನ್ನು ನೋಡಿ ತಲೆದೂಗಿದರು. ಹೆಂಡತಿಯಿಂದ ಹಾಗೆ ತಲೆದೂಗಿಸಿಕೊಂಡ ಕಂತು ಮೇಷ್ಟ್ರು ಒಂದೂ ಬರೆದಿರಲಿಲ್ಲ.

"ಹಂಗಾರೆ ಯಾರು ನೋಡಿ ಹೇಳ್ಬೇಕು?" ಎಂದ ಗುತ್ಯಪ್ಪ, ನಿಜಕ್ಕೂ ತಿಳಿಯದೆ.

"ಯಾರು ಅಂದ್ರೆ? ಕಟ್ಟಿಕೊಳ್ಳೋಳು ನೋಡ್ಲಿ," ಎಂದಳು ಕೆರಿಯಮ್ಮ. "ದುಗ್ಗೀ, ಬಾರೇ ಇಲ್ಲಿ."

ದುಗ್ಗಮ್ಮ ಬಂದಳು. ಹೆಣ್ಣು ನೋಡಲು ಬಂದ ದಿನ ಅವಳು ತಲೆ ಎತ್ತಿರಲಿಲ್ಲ, ಎತ್ತುವ ಪದ್ಧತಿಯೂ ಇರಲಿಲ್ಲ. ಅವಳು ಕಂಡಿದ್ದು ಅವನ ಎರಡು ಪಾದ ಮಾತ್ರ. ಈಗ ಊರೇ ನೋಡು ನೋಡು ಎನ್ನುತ್ತಿತ್ತು. ಅವಳು ಮಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೆರಗು ಬಿಗಿದು, ಅವನ ಮುಖವನ್ನು ನೇರವಾಗಿ ನೋಡಿದಳು. ಅವಸರ ಮಾಡಲಿಲ್ಲ. ಒಂದು ಕಣ್ಣು ನೋಡಿದಳು, ಇನ್ನೊಂದು ಕಣ್ಣು ನೋಡಿದಳು. ಬೆಳ್ಳಪ್ಪನ ಗಡ್ಡದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲೂ ಅವನಿಗೆ ಧೈರ್ಯ ಬರಲಿಲ್ಲ. ಜಟ್ಟಿಂಗಪ್ಪನ ಕೈಯಿಂದ ಎಂಟನೇ ಕಂತು ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ.

"ಬೆಕ್ಕಿನ ಕಣ್ಣೇ ಅಪ್ಪಾ," ಎಂದಳು ದುಗ್ಗಮ್ಮ.

ಗುತ್ಯಪ್ಪ ತಲೆಗೆ ಕೈ ಹಚ್ಚಿದ.

"ಆದ್ರೆ ಹೆದ್ರಿರೋ ಬೆಕ್ಕು. ನನ್ನ ಕಂಡು ಗಡಗಡ ಅಂತ ನಡುಗ್ತಿದಾರೆ. ಮೂರು ಮದುವೆ ಆದೋರು ಇಷ್ಟು ಹೆದ್ರಲ್ಲ ಅಪ್ಪಾ."

ಆಗ ಎದ್ದ ನಗುವಿಗೆ ಕೊಟ್ಟಿಗೆಯ ದನಗಳು ಎದ್ದು ನಿಂತವು. ಮೇಷ್ಟ್ರು ನಕ್ಕು ನಕ್ಕು ಕನ್ನಡಕ ತೆಗೆದು ಪಂಚೆಗೆ ಒರೆಸಿಕೊಂಡರು. ಬೆಳ್ಳಪ್ಪ ಮಾತ್ರ ನಗಲಿಲ್ಲ. ಅವಳನ್ನೇ ನೋಡುತ್ತಾ, ಆ ಗಲಾಟೆಯ ನಡುವೆ ಅವಳೊಬ್ಬಳಿಗೇ ಎಂಬಂತೆ, "ಹೌದು, ಹೆದ್ರಿಕೆ ಆಗ್ತದೆ," ಎಂದ. "ನೀನು ಬ್ಯಾಡ ಅಂದ್ಬಿಟ್ರೆ ಅಂತ."

"ಅನ್ನಲ್ಲ," ಎಂದಳು ದುಗ್ಗಮ್ಮ. ಅಷ್ಟು ಹೊತ್ತು ಇದ್ದ ಧೈರ್ಯವೆಲ್ಲ ಆ ಒಂದು ಮಾತಿಗೆ ಖರ್ಚಾಗಿ ಹೋಯಿತೇನೋ, ಎದ್ದವಳೇ ಒಳಗೆ ಓಡಿದಳು. ಗುತ್ಯಪ್ಪ ಮೂಗು ಒರೆಸಿಕೊಳ್ಳುತ್ತಾ ಅವಳ ಹಿಂದೆಯೇ ಹೋಗಿ, ವೀಳ್ಯದ ತಟ್ಟೆ ಎಲ್ಲಿಟ್ಟಿದ್ದೀರಿ ಎಂದು ಮನೆಯೆಲ್ಲ ಕೇಳಿಸುವಂತೆ ಕೂಗಿದ.